ಬಿಪಿ ಇಳಿದಿದೆ, ಅಮ್ಮ ಮಂಕಾಗಿದ್ದಾರೆ. ಈ ಬೇರು ಯಾವುದು?

ಪೆರ್ಲದ ತೋಟದವ

ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಿನಲ್ಲಿ ಓದಿ.

ನಮ್ಮ ಮನೆ ಕಾಸರಗೋಡಿನ ಪೆರ್ಲ ಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಅಡಿಕೆ ತೋಟ, ಎರಡು ದನ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ. ಅಮ್ಮನಿಗೆ 67. ಐದು ವರ್ಷದಿಂದ ಬಿಪಿ ಇದೆ. ಅಮ್ಲೋಡಿಪಿನ್ 5 ಮಿಲಿಗ್ರಾಂ ದಿನಕ್ಕೊಂದು ಕೊಟ್ಟಿದ್ದರು. ಅದರಲ್ಲಿ ಮೇಲಿನದ್ದು 134, 136 ಹೀಗೆ ನಿಲ್ಲುತ್ತಿತ್ತು. ಆದರೆ ಸಂಜೆ ಆಗುವಾಗ ಪಾದ ಬಾತುಕೊಳ್ಳುತ್ತಿತ್ತು. ಚಪ್ಪಲಿಯ ಪಟ್ಟಿ ಒತ್ತಿದ ಗುರುತು ರಾತ್ರಿಯವರೆಗೂ ಹೋಗುತ್ತಿರಲಿಲ್ಲ. "ಈ ಮಾತ್ರೆಯೇ ಎನ್ನ ಕಾಲು ಹಾಳು ಮಾಡಿದ್ದು" ಎಂದು ಅಮ್ಮನದ್ದು ದಿನಾ ಒಂದೇ ರಾಗ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಕಳೆದ ವಾರ ತೋಟಕ್ಕೆ ಮದ್ದು ಬಿಡಲು ಒಬ್ಬರು ಬಂದಿದ್ದರು. ಪ್ರತಿ ವರ್ಷ ಬರುವವರು, ಒಳ್ಳೆಯ ಮನುಷ್ಯ. ಅಮ್ಮನ ಕಾಲು ನೋಡಿ ಮರುದಿನ ಒಂದು ಕಟ್ಟು ಒಣಗಿದ ಬೇರು ತಂದು ಕೊಟ್ಟರು. ಬೆರಳಿನಷ್ಟು ದಪ್ಪ. ಹಾವು ಹೋದ ಹಾಗೆ ಸೊಟ್ಟ ಸೊಟ್ಟ. ಮುರಿದರೆ ಒಳಗೆ ತಿಳಿ ಹಳದಿ. ಕಹಿ ಎಂದರೆ ಕಹಿ, ಪಾಲೆ ಮರದ ತೊಗಟೆಯ ಕಷಾಯಕ್ಕಿಂತಲೂ ಒಂದು ಕೈ ಮೇಲೆ. ಬೆರಳುದ್ದ ತುಂಡು ಜಜ್ಜಿ, ನಾಲ್ಕು ಲೋಟ ನೀರಿನಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿ ರಾತ್ರಿ ಕುಡಿಯಬೇಕು ಅಂದರು. ಹೆಸರು ಕೇಳಿದರೆ "ಅಮಲ್ಪೊರಿ" ಅಂದರು. ಕನ್ನಡದಲ್ಲಿ ಎಂತ ಹೇಳುತ್ತಾರೋ ಅವರಿಗೆ ಗೊತ್ತಿಲ್ಲ.

ಮಾತ್ರೆ ನಿಲ್ಲಿಸಿ ಇದನ್ನು ಶುರು ಮಾಡಿದೆವು. ಈಗ ಆಟಿ, ಜೋರು ಮಳೆಯ ತಿಂಗಳು. ಎರಡು ತಿಂಗಳಾಯಿತು. ಬಿಪಿ ಇಳಿದದ್ದು ನಿಜ. ಮನೆಯ ಮೆಶೀನಿನಲ್ಲಿ 116/70 ತೋರಿಸುತ್ತದೆ. ನಾನೂ ಖುಷಿಯಲ್ಲಿದ್ದೆ. ನಾಲ್ಕು ಮಂದಿಗೆ ಹೇಳಿಕೊಂಡೂ ಬಂದೆ.

ಆದರೆ ಅಮ್ಮ ಮೊದಲಿನ ಹಾಗೆ ಇಲ್ಲ. ಶೀತ ಇಲ್ಲ, ಜ್ವರ ಇಲ್ಲ, ಮೂಗು ಮಾತ್ರ ಸದಾ ಕಟ್ಟಿರುತ್ತದೆ. ಬಾಯಿಯಲ್ಲಿ ಉಸಿರಾಡುತ್ತಾರೆ. ಎದ್ದು ನಿಲ್ಲುವಾಗ ಕಂಬ ಹಿಡಿಯುತ್ತಾರೆ. ಅದಕ್ಕಿಂತ ನನಗೆ ಹೆದರಿಕೆ ಆಗುವುದು ಬೇರೆ ವಿಷಯಕ್ಕೆ. ದನದ ಹಟ್ಟಿಗೆ ಹೋಗುವುದು ಬಿಟ್ಟಿದ್ದಾರೆ. ಟಿವಿಯಲ್ಲಿ ಯಕ್ಷಗಾನ ಬಂದರೆ ಅಡಿಗೆಮನೆಯಿಂದ ಓಡಿ ಬರುತ್ತಿದ್ದವರು. ಈಗ ಹಾಕಿದರೂ ಆಯಿತು, ಹಾಕದಿದ್ದರೂ ಆಯಿತು. ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಿರುತ್ತಾರೆ. ಕೇಳಿದರೆ "ಎನಗೆಂತ ಆಯಿದಿಲ್ಲೆ" ಎಂದು ಅಷ್ಟೇ. ಮಂಗಳೂರಿನಲ್ಲಿರುವ ಅಕ್ಕ ಪ್ರಾಯ ಆಯಿತಲ್ವಾ ಅಂತಾಳೆ. ಎರಡು ತಿಂಗಳಲ್ಲಿ ಅಷ್ಟು ಪ್ರಾಯ ಆಗುತ್ತದಾ?

ಈ ಬೇರು ಯಾವುದು? ಮುಂದುವರಿಸಬಹುದಾ? ಬಿಪಿಗೆ ನಮ್ಮ ಹಿರಿಯರು ಬೇರೆ ಯಾವ ಗಿಡ ಉಪಯೋಗಿಸುತ್ತಿದ್ದರು?

ನೀರ್ಚಾಲಿನಿಂದ

ಬೇರಿನ ಹೆಸರು ಗೊತ್ತಿಲ್ಲ. ಆದರೆ ಬಿಪಿ 116ಕ್ಕೆ ಬಂದಿದೆ ಎಂದರೆ ಒಳ್ಳೆಯ ಮದ್ದೇ ಇರಬೇಕು, ಯಾಕೆ ತಲೆಬಿಸಿ? ಈ ವರ್ಷ ಮಳೆ ನೋಡಿದರೆ ಯಾರಿಗೂ ಮಂಕು ಬರುತ್ತದೆ ಮಾರಾಯ್ರೇ. ನಮ್ಮ ಅಪ್ಪ ಬೆಳಿಗ್ಗೆ ಎರಡು ಎಸಳು ಬೆಳ್ಳುಳ್ಳಿ ತಿನ್ನುತ್ತಾರೆ. ನುಗ್ಗೆಸೊಪ್ಪು ವಾರಕ್ಕೆ ಮೂರು ದಿನ, ಆಟಿಯಲ್ಲಿ ಮಾತ್ರ ಇಲ್ಲ. ಬೇರು ಬೇಡ ಅನ್ನಿಸಿದರೆ ಬಿಂಬುಳಿ ಜ್ಯೂಸ್ ಕೊಟ್ಟು ನೋಡಿ. ಹಿತ್ತಿಲಲ್ಲಿ ಬಿದ್ದು ಕೊಳೆಯುತ್ತದೆ ಸುಮ್ನೆ. ಹತ್ತು ಹಣ್ಣು ಹಿಂಡಿದರೆ ಒಂದು ಲೋಟ. ಕೊಲೆಸ್ಟ್ರಾಲ್, ಬಿಪಿ ಎರಡಕ್ಕೂ ಆಗುತ್ತದೆ ಅಂತ ಮಲಯಾಳದವರು ಎಲ್ಲ ಕುಡಿಯುತ್ತಾರೆ.

ನಿವೃತ್ತ ಸಿಸ್ಟರ್, ಮುಳ್ಳೇರಿಯ

ಪೆರ್ಲದವರೇ, ಮೊದಲು ಒಂದು ಕೆಲಸ ಮಾಡಿ. ಅಮ್ಮನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ನಾಡಿ ಎಣಿಸಿ. ಮೆಶೀನಿನಲ್ಲೂ ಪಲ್ಸ್ ಎಂದು ಮೂರನೇ ಸಂಖ್ಯೆ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಎಷ್ಟು ಎಂದು ಇಲ್ಲಿ ಬರೆಯಿರಿ.

ಅಮಲ್ಪೊರಿ ಎಂದರೆ ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೇಳುತ್ತಾರೆ. ಮುಂಗುಸಿ ಹಾವಿನ ಜೊತೆ ಕಾದಾಡಿ ಬಂದು ಕಚ್ಚುವ ಬೇರು ಎಂದು ನಮ್ಮ ಅಜ್ಜಿ ಕಥೆ ಹೇಳುತ್ತಿದ್ದರು. ಹಳ್ಳಿಗಳಲ್ಲಿ ಹುಚ್ಚಿಗೆ, ನಿದ್ರೆ ಬಾರದವರಿಗೆ ಕೊಡುತ್ತಿದ್ದ ಬೇರೂ ಇದೇ.

ಇದು ಸುಮ್ಮನೆ ನಂಬಿಕೆಯ ಮದ್ದಲ್ಲ. ಬಿಪಿಗೆ ನಿಜವಾಗಿ ಕೆಲಸ ಮಾಡುವ ಬೇರು. 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಬಿಪಿಗೂ ಆಗುತ್ತದೆ, ಮಾನಸಿಕ ರೋಗಕ್ಕೂ ಆಗುತ್ತದೆ ಎಂದು ಬರೆದಿದ್ದರು. ಹೊರದೇಶದವರು ಕಣ್ಣೆತ್ತಿ ನೋಡಿದ್ದು 1949ರಲ್ಲಿ, ಬೊಂಬಾಯಿಯ ಹೃದಯದ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದ ಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯವರು ಬೇರಿನಿಂದ ರಿಸರ್ಪಿನ್ ಎಂಬ ಅಂಶ ಬೇರೆ ಮಾಡಿದರು. ಮುಂದೆ ಅದು ಮಾತ್ರೆಯಾಗಿ ಜಗತ್ತಿಡೀ ಹೋಯಿತು. ಇಂಗ್ಲಿಷ್ ಮದ್ದು ಬಿಟ್ಟು ನಾಟಿ ಮದ್ದು ಹಿಡಿದೆವು ಎಂದು ನೀವು ತಿಳಿದುಕೊಂಡಿದ್ದೀರಿ. ನೀವು ಬಿಟ್ಟದ್ದು ಒಂದು ಬಿಪಿ ಮಾತ್ರೆ, ಹಿಡಿದದ್ದು ಇನ್ನೊಂದು ಬಿಪಿ ಮಾತ್ರೆ. ಈ ಎರಡನೆಯದಕ್ಕೆ ಅಳತೆ ಇಲ್ಲ, ಅಷ್ಟೇ ವ್ಯತ್ಯಾಸ.

ಅಳತೆ ಎಷ್ಟು ಮುಖ್ಯ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ಬಿಡುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ತೂಗಿ ಹಾಕುತ್ತೀರಿ. ಸುಣ್ಣ ಕಮ್ಮಿ ಆದರೆ ಅಡಿಕೆ ಸುಡುತ್ತದೆ ಎಂದು ಹೆದರುತ್ತೀರಿ. ಅಮ್ಮನಿಗೆ ಮಾತ್ರ "ಬೆರಳುದ್ದ". ಯಾರ ಬೆರಳು? ರಿಸರ್ಪಿನ್ ಮಾತ್ರೆ ಕೊಡುತ್ತಿದ್ದದ್ದು ದಿನಕ್ಕೆ ಕಾಲು ಮಿಲಿಗ್ರಾಂ, ಅದಕ್ಕಿಂತಲೂ ಕಮ್ಮಿ. ಬೇರಿನಲ್ಲಿ ಅದು ಗಿಡದಿಂದ ಗಿಡಕ್ಕೆ ಬೇರೆ. ಸತ್ವ ಬಹುಪಾಲು ಇರುವುದು ಬೇರಿನ ಸಿಪ್ಪೆಯಲ್ಲಿ. ಸಿಪ್ಪೆ ಉದುರಿದ ತುಂಡು ಒಂದು ದಿನ, ಸಿಪ್ಪೆ ದಪ್ಪ ಇದ್ದ ತುಂಡು ಇನ್ನೊಂದು ದಿನ. ಅಮ್ಮನ ಹೊಟ್ಟೆಗೆ ಎಷ್ಟು ಹೋಯಿತು ಎಂದು ದೇವರಿಗೇ ಗೊತ್ತು.

ಈಗ ಮೂಗಿನ ವಿಷಯ. ನೀವು ಬರೆದ ಮೂಗು ಕಟ್ಟುವುದು, ಎದ್ದಾಗ ಕಂಬ ಹಿಡಿಯುವುದು, ಮಂಕು ಮೂರೂ ಒಟ್ಟಿಗೆ ಓದಿದಾಗ ನನಗೆ ಅನುಮಾನ ಉಳಿಯಲಿಲ್ಲ. ರಿಸರ್ಪಿನ್ ಮಾಡುವುದು ಇಷ್ಟು. ರಕ್ತನಾಳವನ್ನು ಬಿಗಿ ಹಿಡಿಯುವ ರಾಸಾಯನಿಕ ನರಗಳ ತುದಿಯಲ್ಲಿ ದಾಸ್ತಾನು ಇರುತ್ತದೆ. ಆ ದಾಸ್ತಾನನ್ನು ಇದು ಖಾಲಿ ಮಾಡುತ್ತದೆ. ನಾಳ ಸಡಿಲ ಆಗುತ್ತದೆ, ಬಿಪಿ ಇಳಿಯುತ್ತದೆ. ಮೂಗಿನ ಒಳಗಿನ ನಾಳಗಳೂ ಸಡಿಲ ಆಗಿ ಊದಿಕೊಳ್ಳುತ್ತವೆ, ಮೂಗು ಕಟ್ಟುತ್ತದೆ. ಹೃದಯ ನಿಧಾನ ಬಡಿಯುತ್ತದೆ. ತಲೆಯೊಳಗೂ ಅದೇ ದಾಸ್ತಾನು ಖಾಲಿ. ಉತ್ಸಾಹಕ್ಕೆ ಬೇಕಾದದ್ದೇ ಅಲ್ಲಿ ಇಲ್ಲದಿದ್ದರೆ ಮನುಷ್ಯ ಹಟ್ಟಿಗೆ ಹೋಗುವುದು ಹೇಗೆ, ಯಕ್ಷಗಾನ ನೋಡುವುದು ಹೇಗೆ? ಹೆಚ್ಚಿನ ಪ್ರಮಾಣದಲ್ಲಿ ರಿಸರ್ಪಿನ್ ತೆಗೆದುಕೊಂಡವರಲ್ಲಿ ಖಿನ್ನತೆ ಕಂಡದ್ದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅದಕ್ಕೇ ಬೇರೆ ಮಾತ್ರೆಗಳು ಬಂದ ಮೇಲೆ ಡಾಕ್ಟರುಗಳು ಇದನ್ನು ಬರೆಯುವುದು ಅಪರೂಪ ಆಯಿತು.

ಪ್ರಾಯ ಅಲ್ಲ, ಮಳೆಯೂ ಅಲ್ಲ. ಬೇರು.

ನಾಳೆ ಡಾಕ್ಟರಲ್ಲಿಗೆ ಹೋಗಿ. ಬೇರಿನ ತುಂಡು ಕಿಸೆಯಲ್ಲಿ ಇರಲಿ. "ಅದೆಂತದೋ ನಾಟಿ ಮದ್ದು" ಎಂದು ಹೇಳಬೇಡಿ, ಸರ್ಪಗಂಧ ಎಂದೇ ಹೇಳಿ. ಬೈದರೆ ಬೈಸಿಕೊಳ್ಳಿ. ಇವತ್ತು ರಾತ್ರಿಯ ಕಷಾಯ ಬೇಡ. ಅಮ್ಲೋಡಿಪಿನನ್ನು ನೀವೇ ವಾಪಸ್ ಶುರು ಮಾಡುವುದೂ ಬೇಡ. ಬೇರಿನ ಪ್ರಭಾವ ನಿಲ್ಲಿಸಿದ ಕೂಡಲೇ ಹೋಗುವುದಿಲ್ಲ, ವಾರಗಟ್ಟಲೆ ಇರುತ್ತದೆ. ಎರಡೂ ಒಟ್ಟಾದರೆ ಬಿಪಿ ಪಾತಾಳಕ್ಕೆ. ಮತ್ತೊಂದು. ಅಮ್ಮನ ಬಾಯಲ್ಲಿ "ಇನ್ನು ಬದುಕಿ ಎಂತ ಆಗಬೇಕು" ಎಂಬಂಥ ಮಾತು ಬಂದಿದ್ದರೆ ನಾಳೆಗೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ.

ನೀರ್ಚಾಲಿನವರಿಗೆ ಬೇರೆಯೇ ಹೇಳಬೇಕು. ಬಿಂಬುಳಿ ಸಾರಿಗೆ ಹಾಕಿ, ಉಪ್ಪಿನಕಾಯಿ ಹಾಕಿ, ಬಂಗುಡೆ ಸಾರು ಮಾಡುವವರು ಅದಕ್ಕೂ ಹಾಕಲಿ. ಹಿಂಡಿ ಲೋಟಗಟ್ಟಲೆ ಕುಡಿಯಬೇಡಿ. ಅದರಲ್ಲಿ ಆಕ್ಸಲಿಕ್ ಆಮ್ಲ ಬಹಳ. ಅದು ಕಿಡ್ನಿಯಲ್ಲಿ ಹರಳಾಗಿ ಕೂತುಕೊಳ್ಳುತ್ತದೆ. ಕೊಲೆಸ್ಟ್ರಾಲ್ ಇಳಿಯಲಿ ಎಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಜನರ ವಿವರ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಲ್ಲ ನಮ್ಮ ಕೇರಳದವರೇ. ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. "ಮಲಯಾಳದವರು ಎಲ್ಲ ಕುಡಿಯುತ್ತಾರೆ" ಎಂದಿರಲ್ಲ, ಅವರೇ ಇವರು.

ನೀರ್ಚಾಲಿನಿಂದ

ಅಯ್ಯೋ ಸಿಸ್ಟರ್, ನಾನೇ ಕಳೆದ ವಾರ ಎರಡು ಲೋಟ ಕುಡಿದಿದ್ದೇನೆ. ಇನ್ನು ಉಪ್ಪಿನಕಾಯಿ ಮಾತ್ರ.

ಪೆರ್ಲದ ತೋಟದವ

ಪಲ್ಸ್ 49. ಎರಡು ಸಲ ಎಣಿಸಿದೆ.

ಸಿಸ್ಟರ್, ನಿಮ್ಮ ಉತ್ತರ ಓದಿ ಅಮ್ಮನ ಹತ್ತಿರ ಕುಳಿತು ಎಲ್ಲ ಕೇಳಿದೆ. ಇನ್ನೊಂದು ವಿಷಯ ಹೊರಗೆ ಬಂತು. ಅಮ್ಮ ಮಾತ್ರೆ ಪೂರ್ತಿ ಬಿಟ್ಟಿರಲಿಲ್ಲ. ಕಷಾಯ ಕುಡಿಯಲು ಶುರು ಮಾಡಿದ ಮೊದಲ ಒಂದು ತಿಂಗಳು ಮಾತ್ರೆಯನ್ನೂ ತಿಂದಿದ್ದಾರೆ, ನಮಗೆ ಹೇಳದೆ. ಅದಕ್ಕೂ ಮೊದಲು, ನಾವು ಮಾತ್ರೆ ಕೊಡುತ್ತಿದ್ದಾಗ, ಒಂದೊಂದು ದಿನ ಎರಡು. ಯಾಕೆ ಎರಡು?

ಯಾಕೆಂದರೆ ಕಾಗದದ ಲಕೋಟೆ. ನಾವು ಮದ್ದು ತರುತ್ತಿದ್ದ ಕಡೆ ಲಕೋಟೆಯ ಮೇಲೆ ಎಲ್ಲ ಮಲಯಾಳದಲ್ಲಿ ಬರೆಯುತ್ತಾರೆ. ಅಮ್ಮ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸ್ ಓದಿದವರು. ಮಲಯಾಳ ಅಕ್ಷರ ಬರುವುದಿಲ್ಲ, ಮಾತು ಅಲ್ಪಸ್ವಲ್ಪ. ಅಲ್ಲಿ ಕೊಡುವಾಗ "ರಾವಿಲೆ ಒಂದು" ಎಂದು ಹೇಳಿದ್ದಾರೆ. ರಾವಿಲೆ ಎಂದರೆ ಬೆಳಿಗ್ಗೆ. ಅಮ್ಮನ ಕಿವಿಗೆ ಬಿದ್ದದ್ದು "ರಾ" ಮಾತ್ರ. ರಾತ್ರಿ ಇರಬೇಕು ಎಂದುಕೊಂಡಿದ್ದಾರೆ. ಬೆಳಿಗ್ಗೆ ಹೆಂಡತಿ ಕೊಟ್ಟದ್ದು ಒಂದು, ರಾತ್ರಿ ತಾನೇ ನೆನಪಿನಿಂದ ತಿಂದದ್ದು ಒಂದು. ಹೀಗೆ ಎಷ್ಟು ದಿನ ನಡೆದಿದೆಯೋ. ಕಾಲು ಬಾತದ್ದರಲ್ಲಿ ಇದರ ಪಾಲೂ ಇದ್ದೀತಾ?

ಲಕೋಟೆಯ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದು ಕೊಟ್ಟರೂ ಸಾಕಿತ್ತು. ಆದರೆ ಐದು ವರ್ಷದಲ್ಲಿ ನಾನೂ ಒಂದು ದಿನ ಕುಳಿತು ಅದರ ಮೇಲೆ ಕನ್ನಡದಲ್ಲಿ ಬರೆದಿಡಲಿಲ್ಲ. ಅಡಿಕೆ ರೇಟು ಮಾತ್ರ ದಿನಾ ನೋಡುತ್ತೇನೆ.

ನಿವೃತ್ತ ಸಿಸ್ಟರ್, ಮುಳ್ಳೇರಿಯ

ಇದ್ದೀತು. ಅಮ್ಲೋಡಿಪಿನ್‌ನಿಂದ ಪಾದ ಬಾಯುವುದು ಮಾಮೂಲು, ಪ್ರಮಾಣ ಹೆಚ್ಚಿದಷ್ಟೂ ಜಾಸ್ತಿ. ಇದನ್ನೂ ಡಾಕ್ಟರಿಗೆ ಹೇಳಿ. ಬೇರೆ ಜಾತಿಯ ಮಾತ್ರೆಗಳು ಬೇಕಾದಷ್ಟಿವೆ. ಕಾಲು ಬಾತಿತು ಎಂದು ಮದ್ದನ್ನೇ ಬಿಡುವವರು ನನ್ನ ಸರ್ವಿಸಿನಲ್ಲಿ ಎಷ್ಟೋ ಜನ. ಬಂದು ಹೇಳಿದವರು ಕಮ್ಮಿ.

ಓದುವ ಉಳಿದವರಿಗೂ ಒಂದು ಮಾತು. ಅಟೆನೊಲೋಲ್, ಮೆಟೊಪ್ರೊಲೋಲ್ ಎಂಬ ಹೆಸರಿನ ಮಾತ್ರೆ ತಿನ್ನುವವರು ಯಾವ ಬೇರು ಸಿಕ್ಕಿದರೂ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಹೃದಯಕ್ಕೆ ಹೊಡೆತ ಬೀಳುತ್ತದೆ.

49 ಎಂದಿರಿ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ. ಈಗ ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ ಬೆಳಿಗ್ಗೆಯವರೆಗೆ ಕಾಯುವುದು ಬೇಡ, ಜೀಪು ಮಾಡಿ.

ಉಪ್ಪಳದ ಆಯುರ್ವೇದದವಳು

ನಾನು ಆಯುರ್ವೇದ ಓದಿ ಹದಿನೆಂಟು ವರ್ಷದಿಂದ ಇಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಸಿಸ್ಟರ್ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಸರ್ಪಗಂಧವನ್ನು ಮಾತ್ರ ಪೂರ್ತಿ ವಿಲನ್ ಮಾಡಬೇಡಿ. ನಮ್ಮಲ್ಲಿ ಅದರ ಗುಳಿಗೆ ಇದೆ, ನಾನೂ ಬರೆದದ್ದುಂಟು. ಆದರೆ ನಾಡಿ ನೋಡದೆ, ಬಿಪಿ ನೋಡದೆ, ಬೇರೆ ಎಂತ ಮಾತ್ರೆ ತಿನ್ನುತ್ತೀರಿ ಎಂದು ಕೇಳದೆ ಬರೆಯುವುದಿಲ್ಲ. ಮನಸ್ಸು ಕುಗ್ಗಿದವರಿಗೆ, ಹೊಟ್ಟೆಯಲ್ಲಿ ಹುಣ್ಣು ಇದ್ದವರಿಗೆ, ಕೈ ನಡುಗುವ ಪಾರ್ಕಿನ್ಸನ್ ಇದ್ದವರಿಗೆ ಇದು ಬೇಡವೇ ಬೇಡ. ಬಸುರಿಯರಿಗೂ ಬೇಡ.

ಮದ್ದು ಬಿಡುವವರು ತಂದದ್ದು ನಿಜವಾದ ಸರ್ಪಗಂಧವೇ ಆಗಿರುವುದೂ ಒಂದು ಆಶ್ಚರ್ಯ. ಈ ಬೇರನ್ನು ಕಾಡಿನಿಂದ ಕಿತ್ತು ಕಿತ್ತು ಗಿಡವೇ ಅಪರೂಪ ಆಗಿದೆ. ಹೊರದೇಶಕ್ಕೆ ಕಳಿಸಲು ಅಂತರರಾಷ್ಟ್ರೀಯ ನಿರ್ಬಂಧ ಇದೆ. ಅಂಗಡಿಗಳಲ್ಲಿ ಇದರ ಹೆಸರಿನಲ್ಲಿ ಇದರದ್ದೇ ಕುಲದ ಇನ್ನೊಂದು ಗಿಡದ ಬೇರು ಸೇರಿಸಿ ಮಾರುತ್ತಾರೆ. ಅದು ಅಮೆರಿಕ ಕಡೆಯಿಂದ ಬಂದ ಗಿಡ. ಅದರಲ್ಲಿ ಗಂಟಿಗೆ ನಾಲ್ಕು ಎಲೆ, ನಾಲ್ಕೂ ಒಂದೇ ಅಳತೆ ಇರುವುದಿಲ್ಲ. ನಮ್ಮ ಸರ್ಪಗಂಧದಲ್ಲಿ ಸಾಮಾನ್ಯವಾಗಿ ಮೂರು. ಹೂವು ಬಿಳಿ, ತೊಟ್ಟು ಕೆಂಪು, ಹಣ್ಣಾದರೆ ಕಪ್ಪು ನೇರಳೆ. ಹಿತ್ತಿಲಲ್ಲಿ ನೆಡಬೇಕೆಂದರೆ ಬೀಜ ಬೇಗ ಮೊಳೆಯುವುದಿಲ್ಲ, ಬೇರಿನ ತುಂಡಿನಿಂದ ಸುಲಭ. ಬೇರು ಬಲಿಯಲು ಒಂದೂವರೆ ವರ್ಷವಾದರೂ ಬೇಕು.

ಆಟಿ ಅಮಾವಾಸ್ಯೆಗೆ ಪಾಲೆ ಕೆತ್ತೆಯ ಕಷಾಯ ಕುಡಿದಿರಲ್ಲ, ಆ ಪಾಲೆ ಮರವೂ ಸರ್ಪಗಂಧವೂ ಮನೆಯ ಮುಂದಿನ ನಿತ್ಯಪುಷ್ಪವೂ ಒಂದೇ ಕುಟುಂಬ. ಎಲ್ಲದರಲ್ಲೂ ಕಹಿ ಸತ್ವ, ಎಲ್ಲವೂ ಜೋರು. ಪಾಲೆ ಎಂದು ಕತ್ತಲೆಯಲ್ಲಿ ವಿಷದ ಮರ ಕಾಸರಕದ ಕೆತ್ತೆ ತಂದರೆ ಏನಾಗುತ್ತದೆ ಎಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಕಾಸರಗೋಡು ಎಂಬ ಹೆಸರೇ ಆ ಕಾಸರಕದಿಂದ ಬಂತು ಎನ್ನುವವರೂ ಇದ್ದಾರೆ!

ಬೇರೆ ಗಿಡ ಯಾವುದು ಎಂದು ಕೇಳಿದ್ದೀರಿ. ಹೊಳೆಮತ್ತಿ ತೊಗಟೆ, ಮಲಯಾಳದ ನೀರ್ಮರುದು, ಹಾಲಿನಲ್ಲಿ ಕುದಿಸಿ ಕೊಡುವ ಕ್ರಮ ಹಳೆಯದು. ಆದರೆ ಅದು ಮುಖ್ಯವಾಗಿ ಎದೆಯ ತೊಂದರೆಗೆ. ಬಿಪಿ ಇಳಿಸುವ ಮದ್ದು ಎಂದು ಅದನ್ನು ನಾನು ಕೊಡುವುದಿಲ್ಲ. ಬೆಳ್ಳುಳ್ಳಿಗೆ ಬಿಪಿ ಸ್ವಲ್ಪ ಇಳಿಸುವ ಗುಣ ಇದೆ, ಪ್ರಯೋಗಗಳಲ್ಲೂ ಕಂಡಿದೆ. ಮಾತ್ರೆಯ ಜಾಗದಲ್ಲಿ ನಿಲ್ಲುವಷ್ಟಲ್ಲ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಹಸಿ ಬೆಳ್ಳುಳ್ಳಿ ಜಾಸ್ತಿ ತಿನ್ನಬಾರದು. ತಿಮರೆ (ಒಂದೆಲಗ) ತಂಬುಳಿ, ನುಗ್ಗೆಸೊಪ್ಪು, ಪುನರ್ಪುಳಿ ಸಾರು ಇವೆಲ್ಲ ಊಟ. ಊಟವಾಗಿಯೇ ಇರಲಿ, ಧಾರಾಳ ತಿನ್ನಲಿ.

ಬಿಪಿ ಏರಿಸುವ ಮೂಲಿಕೆಯೂ ಉಂಟು, ಇದು ಯಾರಿಗೂ ಗೊತ್ತಿರುವುದಿಲ್ಲ. ಜ್ಯೇಷ್ಠಮಧು. ಮಳೆಗಾಲದಲ್ಲಿ ಕೆಮ್ಮಿಗೆ ಎಂದು ತಿಂಗಳುಗಟ್ಟಲೆ ಅಗಿಯುವವರಿದ್ದಾರೆ. ಅದು ಮೈಯಲ್ಲಿ ಉಪ್ಪು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನಾಲ್ಕು ದಿನಕ್ಕೆ ತೊಂದರೆ ಇಲ್ಲ. ಬಿಪಿ ಇದ್ದವರು ದಿನಾ ಬಾಯಿಗೆ ಹಾಕಿಕೊಳ್ಳಬಾರದು.

ನೀವು ಹೇಳದೇ ಬಿಟ್ಟದ್ದನ್ನು ನಾನೇ ಕೇಳುತ್ತೇನೆ. ಅಮ್ಮನ ಊಟ ಎಂತ?

ಅಕ್ಕಲಕೋಟೆ ಕಡೆಯವ

ನಿಮ್ಮ ಬೇರು, ಪಾಲೆ ನಮ್ಮ ಕಡೆ ಇಲ್ಲ. ನಮ್ಮಲ್ಲಿ ಪುಂಡಿ. ಸೊಲ್ಲಾಪುರ ಜಿಲ್ಲೆಯಾದರೂ ನಮ್ಮ ಮನೆಯ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಪ್ಪುವುದಿಲ್ಲ.

ಬರೆಯಲು ಕಾರಣ ಇದೆ. ನನ್ನ ಮಗಳು ಪುಣೆಯಲ್ಲಿ ಯಾವುದೋ ವಿಡಿಯೋ ನೋಡಿ "ಹೈಬಿಸ್ಕಸ್ ಟೀ ಬಿಪಿಗೆ ಒಳ್ಳೆಯದು" ಎಂದು ಮೂರು ತಿಂಗಳು ಕುಂಡದ ದಾಸವಾಳ ಕಿತ್ತು ಕುದಿಸಿ ಕುಡಿದಳು. ಪ್ರಯೋಗ ಮಾಡಿ ನೋಡಿರುವುದು ಆ ದಾಸವಾಳವನ್ನಲ್ಲ, ಅದೇ ಕುಲದ ನಮ್ಮ ಪುಂಡಿಯನ್ನು. ಅದೂ ಎಲೆಯಲ್ಲ. ಹೂವು ಬಿದ್ದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪು ದಪ್ಪ ದಳ. ಅದನ್ನು ಒಣಗಿಸಿ ನೀರಿಗೆ ಹಾಕಿದರೆ ಕೆಂಪು ಹುಳಿ ಚಹಾ. ಬಿಪಿ ಸ್ವಲ್ಪ ಇಳಿಯುತ್ತದೆ ಎಂದು ಕಂಡಿದೆ. ಹೊಲದ ಬದುವಿನಲ್ಲಿ ಎಮ್ಮೆ ಮೇಯುತ್ತಿದ್ದದ್ದನ್ನು ಪುಣೆಯ ಅಂಗಡಿಯಲ್ಲಿ ಡಬ್ಬಿಗೆ ತುಂಬಿ ಮಾರುತ್ತಾರೆ ನೋಡಿ. ನಾನು ಕುಡಿಯುತ್ತೇನೆ, ರುಚಿಗೆ. ಮಾತ್ರೆಯೂ ನುಂಗುತ್ತೇನೆ.

ಪೆರ್ಲದ ತೋಟದವ

ಡಾಕ್ಟರನ್ನು ಕಂಡು ಬಂದೆವು. ಇಸಿಜಿ ಮಾಡಿದರು. ಬಡಿತ ನಿಧಾನ ಇದೆ, ಬೇರೆ ದೋಷ ಇಲ್ಲ ಅಂದರು. ಬೇರು ನೋಡಿದ ಕೂಡಲೇ ಅವರಿಗೂ ಗೊತ್ತಾಯಿತು. ಬೈಯಲಿಲ್ಲ. "ತಂದು ತೋರಿಸಿದಿರಲ್ಲ" ಅಂದರು. ಎರಡು ವಾರ ಯಾವ ಬಿಪಿ ಮದ್ದೂ ಬೇಡ, ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ, 150 ದಾಟಿದರೆ ಫೋನ್ ಮಾಡಿ ಅಂದಿದ್ದಾರೆ. ಆಮೇಲೆ ಕಾಲು ಬಾಯದ ಬೇರೆ ಮಾತ್ರೆ ಕೊಡುತ್ತಾರಂತೆ.

ಉಪ್ಪಳದವರು ಊಟ ಕೇಳಿದ್ದೀರಿ. ಹೇಳಲು ನಾಚಿಕೆ ಆಗುತ್ತದೆ. ರಾತ್ರಿ ಗಂಜಿ, ತುಪ್ಪ, ಒಂದು ಇಡೀ ಮಿಡಿ ಉಪ್ಪಿನಕಾಯಿ, ಎರಡು ಹಲಸಿನ ಹಪ್ಪಳ. ಮಳೆಗಾಲದಲ್ಲಿ ವಾರಕ್ಕೆ ನಾಲ್ಕು ದಿನ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಪಲ್ಯವೋ, ರೊಟ್ಟಿಯೋ. ಭರಣಿಯಲ್ಲಿ ಸೊಳೆ ಹಾಕುವಾಗ ಎಷ್ಟು ಉಪ್ಪು ಸುರಿಯುತ್ತೇವೆ ಎಂದು ನನಗೆ ಗೊತ್ತು, ನಾನೇ ಸುರಿಯುವವ. ಊಟದ ಮೇಲೆ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪಿನ ಚೂರು.

ಉಪ್ಪಳದ ಆಯುರ್ವೇದದವಳು

ಹಾಗಾದರೆ ಮೂಲ ಅಲ್ಲೇ ಇದೆ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ, ಅದಕ್ಕಿಂತ ಕಮ್ಮಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮ್ಮ ರಾತ್ರಿ ಒಂದೇ ಊಟದಲ್ಲಿ ಅದರ ಹತ್ತಿರ ಹೋಗಿರುತ್ತಾರೆ. ಸೈಂಧವ ಲವಣ ಹಾಕಿದರೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದೂ ಉಪ್ಪೇ. ಹೊಗೆಸೊಪ್ಪು ಬಾಯಲ್ಲಿ ಇರುವಷ್ಟು ಹೊತ್ತು ಬಿಪಿಯೂ ನಾಡಿಯೂ ಏರುತ್ತವೆ. ಅದು ಬಿಡಲೇಬೇಕು.

ಉಪ್ಪುಸೊಳೆ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ನಾನೂ ಇದೇ ಊರಿನವಳು. ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಚೆಲ್ಲಿ ಹಿಂಡಿ. ಪಲ್ಯಕ್ಕೆ ಮತ್ತೆ ಉಪ್ಪು ಹಾಕಬೇಡಿ. ವಾರಕ್ಕೆ ಒಂದು ದಿನ ಸಾಕು. ಮಿಡಿ ಕಾಲು ಭಾಗ. ಗಂಜಿಗೆ ಹಸಿ ತಿಮರೆ ಚಟ್ನಿ ಮಾಡಿ ಕೊಡಿ, ಹುಳಿ ಖಾರ ಇದ್ದರೆ ನಾಲಗೆಗೆ ಉಪ್ಪು ಕಮ್ಮಿ ಎಂದು ಅಷ್ಟು ಗೊತ್ತಾಗುವುದಿಲ್ಲ.

ನಿವೃತ್ತ ಸಿಸ್ಟರ್, ಮುಳ್ಳೇರಿಯ

ಬಿಪಿ ನೋಡುವ ಕ್ರಮವನ್ನೂ ಸರಿ ಮಾಡಿ. ಹಟ್ಟಿಯಿಂದ ಬಂದ ಕೂಡಲೇ ನೋಡಬಾರದು. ಕಾಫಿ, ಎಲೆ ಅಡಿಕೆ ಆಗಿ ಅರ್ಧ ಗಂಟೆ ಕಳೆಯಲಿ. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕುಳಿತು, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಟ್ಟು ನೋಡಿ. ನಿಮಿಷ ಬಿಟ್ಟು ಇನ್ನೊಮ್ಮೆ. ಎರಡನ್ನೂ ಬರೆಯಿರಿ. ಮೂರನೇ ಸಂಖ್ಯೆಯನ್ನೂ!

ಹೊಸ ಮಾತ್ರೆ ಟೆಲ್ಮಿಸಾರ್ಟನ್ ಅಥವಾ ಕೊನೆಗೆ "ಪ್ರಿಲ್" ಎಂದು ಬರುವ ಹೆಸರಿನದ್ದಾದರೆ ಬೊಂಡದ (ಎಳನೀರಿನ) ವಿಷಯ ಡಾಕ್ಟರಲ್ಲಿ ಕೇಳಿ. ನಮ್ಮಲ್ಲಿ ಬೊಂಡಕ್ಕೆ ಬರ ಇಲ್ಲ, ದಿನಕ್ಕೆ ಮೂರು ಕುಡಿಯುವವರಿದ್ದಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಬಹಳ, ಈ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಕಿಡ್ನಿ ಸರಿ ಇದ್ದರೆ ಅಪರೂಪಕ್ಕೊಂದು ತೊಂದರೆ ಇಲ್ಲ. ಕಿಡ್ನಿ ಸೋತವರಿಗೆ ಅಪಾಯ. ಸೋಡಿಯಂ ಕಮ್ಮಿ ಇರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲೂ ಇರುವುದು ಪೊಟ್ಯಾಸಿಯಮ್ಮೇ, ಅದನ್ನೂ ಕೇಳದೆ ತರಬೇಡಿ.

ಪೆರ್ಲದ ತೋಟದವ

ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಮೊದಲ ಹತ್ತು ದಿನ ಎಂತದೂ ಬದಲಾಗಲಿಲ್ಲ. ನನಗೆ ಭಯವೇ ಆಗಿತ್ತು. ಹನ್ನೊಂದನೇ ದಿನವೋ ಏನೋ ಮೂಗು ಬಿಟ್ಟಿತು. ಮತ್ತೆ ನಾಲ್ಕು ದಿನ ಕಳೆದು ರಾತ್ರಿ ಅಮ್ಮ ತಾನಾಗಿಯೇ ರಿಮೋಟ್ ಕೇಳಿದರು. ಬಿಪಿ ಮೆಲ್ಲ ಮೆಲ್ಲ 152ಕ್ಕೆ ಏರಿತು. ಫೋನ್ ಮಾಡಿದೆ, ಹೊಸ ಮಾತ್ರೆ ಕೊಟ್ಟರು. ಲಕೋಟೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಬೆಳಿಗ್ಗೆ, ಒಂದೇ ಒಂದು" ಎಂದು ನಾನೇ ಬರೆದಿದ್ದೇನೆ. ಹೊಗೆಸೊಪ್ಪು ಬಿಟ್ಟಿದ್ದಾರೆ ಎಂದು ಹೇಳುತ್ತಾರೆ. ಕವಳದ ಪೆಟ್ಟಿಗೆ ನಾನು ಪರೀಕ್ಷೆ ಮಾಡಲು ಹೋಗಿಲ್ಲ. ಉಪ್ಪುಸೊಳೆಗೆ ಮಾತ್ರ ದೊಡ್ಡ ಜಗಳ ಆಯಿತು. ಮೂರು ನೀರಿನಲ್ಲಿ ಹಿಂಡಿ ಮಾಡಿದ ಪಲ್ಯ ತಿಂದು "ಇದು ದನಕ್ಕೆ ಹಾಕುವದಾ, ಮನುಷ್ಯರಿಂಗಾ?" ಎಂದು ಕೇಳಿದರು.

ಬೇರು ಕೊಟ್ಟವರು ಮೊನ್ನೆ ಎರಡನೇ ಸಲ ಮದ್ದು ಬಿಡಲು ಬಂದರು. ಅವರಿಗೆ ಬೇಸರ ಆಗದ ಹಾಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಣ್ಣನೂ ಅದನ್ನೇ ಕುಡಿಯುತ್ತಿದ್ದಾನೆ, ಅವನ ಮೂಗೂ ಕಟ್ಟಿದೆ ಅಂದರು. ಅಣ್ಣನ ಪಲ್ಸ್ ನೋಡಲು ಮೆಶೀನು ಕೊಟ್ಟು ಕಳಿಸಿದ್ದೇನೆ. ನಾಳೆ ತರುತ್ತಾರೆ. ಅದಕ್ಕೇ ಇವತ್ತು ಸಂಜೆಯ ಲೆಕ್ಕ ಇಲ್ಲ. ಬೆಳಿಗ್ಗಿನದ್ದು 138/84, ಪಲ್ಸ್ 66.